ಪಿಂಚಣಿ ಕಥೆಯಾಗುವ ಬಗೆ
ಘಟನೆಗಳನ್ನು ಒಂದರ ಮುಂದೊಂದು ಇಟ್ಟರೆ ವರದಿಯಾದೀತು, ಕಥೆಯಾಗದು. ಒಂದು ಇನ್ನೊಂದಕ್ಕೆ ಕಾರಣವಾಗಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯನ್ನೇ ನೋಡಿ. ನಿವೃತ್ತ ನೌಕರ ತಬರನಿಗೆ ಪಿಂಚಣಿ ಬೇಕು, ಇದು ಬಯಕೆ. ಕಚೇರಿಯ ಕಡತ ಕದಲದು, ಇದು ತೊಡಕು. ಇಷ್ಟೇ ಆಗಿದ್ದರೆ ಬರೀ ಅಲೆದಾಟದ ಲೆಕ್ಕ. ಆದರೆ ಸಕ್ಕರೆ ಕಾಯಿಲೆಯ ಹೆಂಡತಿ ಅಪ್ಪಿಯ ಕಾಲು ಕೊಳೆಯತೊಡಗುತ್ತದೆ, ಚಿಕಿತ್ಸೆಗೆ ಆ ದುಡ್ಡೇ ಗತಿ. ಕಡತ ನಿಂತಲ್ಲೇ ನಿಂತರೂ ರೋಗ ನಿಲ್ಲುವುದಿಲ್ಲ. ಕಥೆಗೆ ಬಿಗಿ ಬರುವುದು ಇಲ್ಲಿ. ಅಪ್ಪಿಯ ಸಾವು ಪರಾಕಾಷ್ಠೆ, ಆಮೇಲೆ ಬರುವ ಪಿಂಚಣಿ ಮುಕ್ತಾಯ. ಈ ಎರಡರ ಕ್ರಮ ಅದಲುಬದಲಾದರೆ ಕಥೆಯೇ ಸತ್ತುಹೋದೀತು. ಆದ್ದರಿಂದ ಹೊಸದಾಗಿ ಬರೆಯುವವರು ಪೆನ್ನು ಹಿಡಿಯುವ ಮೊದಲು ಮೂರನ್ನು ಕೇಳಿಕೊಳ್ಳಲಿ: ಪಾತ್ರಕ್ಕೆ ಬೇಕಾದ್ದೇನು, ಅಡ್ಡ ನಿಂತಿರುವುದೇನು, ತಡವಾದರೆ ಕಳೆದುಹೋಗುವುದೇನು?