ಡಿಕ್ಕಿ ತೆಗೆದರೆ ಗೋಂದಿನ ಬಾಟ್ಲಿ! ಸ್ಟೆಪ್ನಿ ಎಲ್ಲಿ ಸ್ವಾಮಿ?

ಗುಬ್ಬಿಯ ಅಂಗಡಿ ಮಾಲೀಕರೊಬ್ಬರು ಹೊಸ ಕಾರು ತಗೊಂಡರು. ದೇವಸ್ಥಾನದ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು ಇಟ್ಟು ತುಳಿಸಿದ್ದೂ ಆಯಿತು. ಐದನೇ ಚಕ್ರ ಇದೆಯೋ ಇಲ್ಲವೋ ಎಂದು ಆವತ್ತು ಯಾರೂ ಡಿಕ್ಕಿ ತೆಗೆದು ನೋಡಲಿಲ್ಲ. ಯಾಕೆ ನೋಡಬೇಕು? ಕಾರು ಅಂದ ಮೇಲೆ ಸ್ಟೆಪ್ನಿ ಇದ್ದೇ ಇರುತ್ತೆ ಅನ್ನೋದು ಅಂಬಾಸಡರ್ ಕಾಲದಿಂದ ನಮ್ಮವರ ನಂಬಿಕೆ.

ಮೂರು ತಿಂಗಳಾದ ಮೇಲೆ ಕುಣಿಗಲ್‌ನಲ್ಲಿ ಮದುವೆ ಊಟ ಮುಗಿಸಿ ಮನೆ ಮಂದಿಯೊಂದಿಗೆ ತುಮಕೂರು ಕಡೆ ಹೊರಟರು. ರಾತ್ರಿ ಹತ್ತೂವರೆ. ಗುಂಡಿಗೆ ಇಳಿದ ಎಡಗಡೆ ಮುಂದಿನ ಟೈರು ಪಕ್ಕದಲ್ಲಿ ಎರಡು ಬೆರಳಗಲ ಸೀಳಿಹೋಯಿತು. ಇಳಿದು ಡಿಕ್ಕಿಯ ಮ್ಯಾಟ್ ಎತ್ತಿದರೆ ಚಕ್ರ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಡಬ್ಬಿ. ಅದರಲ್ಲಿ ಗಾಳಿ ಹೊಡೆಯೋ ಪಂಪು, ಒಂದು ಬಾಟ್ಲಿ ಬಿಳೀ ಅಂಟು.

"ಚಕ್ರ ಕೇಳಿದ್ರೆ ಗೋಂದು ಕೊಟ್ಟವ್ರಲ್ರೀ" ಅಂದರಂತೆ ಮನೆಯವರು.

ಬಾಟ್ಲಿ ಪೂರ್ತಿ ಹಾಕಿದರು. ಅಂಟು ಸೀಳಿನಿಂದ ಪಿಚಕಾರಿಯಂತೆ ಹಾರಿ ಪಂಚೆಗೆ ಬಿತ್ತೇ ಹೊರತು ಟೈರು ಏಳಲಿಲ್ಲ. ಕಡೆಗೆ ನೆಂಟರ ಲಗೇಜ್ ಆಟೋ ತರಿಸಿಕೊಂಡು, ಹೆಂಗಸರು ಮಕ್ಕಳು ಹಿಂದೆ ಕೂತು ರಾತ್ರಿ ಒಂದೂವರೆಗೆ ಊರು ಸೇರಿದರು. ಕಾರು ಬೆಳಗಿನ ತನಕ ರಸ್ತೆ ಪಕ್ಕ ಅನಾಥ.

ಮಾರಿದವನು ಮೋಸ ಮಾಡಿದನೇ? ಇಲ್ಲ. ಕಾನೂನೇ ಹಾಗಿದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರ ಜುಲೈನಲ್ಲಿ ದೆಹಲಿಯ ರಸ್ತೆ ಸಾರಿಗೆ ಸಚಿವಾಲಯ ಒಂದು ತಿದ್ದುಪಡಿ ತಂದಿತು. ಡ್ರೈವರ್ ಸೇರಿ 9 ಸೀಟು ಮೀರದ, ತೂಕ 3.5 ಟನ್ ದಾಟದ ಕಾರಿಗೆ ಟ್ಯೂಬ್‌ಲೆಸ್ ಟೈರು, ಪಂಕ್ಚರ್ ರಿಪೇರಿ ಕಿಟ್ಟು, ಗಾಳಿ ಇಳಿದರೆ ಡ್ರೈವರಿಗೆ ತಿಳಿಸುವ ಸಾಧನ, ಇಷ್ಟನ್ನು ಕಂಪನಿ ಕೊಟ್ಟರೆ ಸ್ಟೆಪ್ನಿ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಜಾಗ ಉಳಿಯುತ್ತೆ, ಕರೆಂಟ್ ಕಾರಿಗೆ ದೊಡ್ಡ ಬ್ಯಾಟರಿ ಕೂರಿಸಬಹುದು ಎಂಬುದು ಸಚಿವಾಲಯ ಆಗ ಹೇಳಿದ ಕಾರಣ. ಚಕ್ರದ ತೂಕ ಇಳಿದರೆ ಮೈಲೇಜು ಒಂದಿಷ್ಟು ಏರುತ್ತೆ, ಕಂಪನಿಗೆ ಒಂದು ಟೈರು ಒಂದು ಡಿಸ್ಕಿನ ಖರ್ಚೂ ಉಳಿಯುತ್ತೆ. ಈ ಎರಡನೆಯದನ್ನು ಯಾವ ಕಂಪನಿಯ ಜಾಹೀರಾತಿನಲ್ಲೂ ನಾನು ಓದಿಲ್ಲ.

ಕಿಟ್ಟು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳ್ತಿಲ್ಲ. ಟೈರು ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ, ಸ್ಕ್ರೂ ಚುಚ್ಚಿದ್ದರೆ ಅದು ಒಳ್ಳೆಯದೇ. ಹೆದ್ದಾರಿ ಪಕ್ಕ ಲಾರಿ ಹಾಯುತ್ತಿರುವಾಗ ಜಾಕಿ ಹಾಕಿ ಕುಕ್ಕರಗಾಲಲ್ಲಿ ಕೂರುವ ಅಪಾಯ ತಪ್ಪುತ್ತೆ. ಆದರೆ ಟೈರಿನ ಪಕ್ಕ ಹರಿದರೆ, ಡಿಸ್ಕ್ ಬೆಂಡಾದರೆ ಅಂಟು ಏನೂ ಮಾಡಲಾರದು. ನಮ್ಮ ರಸ್ತೆಗಳಲ್ಲಿ ಮೊಳೆ ಹೆಚ್ಚೋ ಗುಂಡಿ ಹೆಚ್ಚೋ, ಗುಬ್ಬಿ ಗೇಟಿನಿಂದ ಆಚೆ ಗಾಡಿ ಓಡಿಸಿದವರೇ ಹೇಳಲಿ. ಇನ್ನೊಂದು ಮಾತು, ಆ ಬಾಟ್ಲಿಯ ಮೇಲೆ ಔಷಧಿ ಶೀಸೆಯ ಹಾಗೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತೆ. ಇವತ್ತೇ ನೋಡಿಕೊಳ್ಳಿ.

ತಮಾಷೆ ಏನೆಂದರೆ, 'ಸ್ಟೆಪ್ನಿ' ಅನ್ನೋ ಮಾತು ಹುಟ್ಟಿದ್ದೇ ಇಂಥ ಪರದಾಟದಿಂದ. ಕಾರು ಬಂದ ಹೊಸದರಲ್ಲಿ ಯಾವ ಕಂಪನಿಯೂ ಐದನೇ ಚಕ್ರ ಕೊಡುತ್ತಿರಲಿಲ್ಲ. 1904ರಲ್ಲಿ ವೇಲ್ಸ್ ದೇಶದ ಲಾನೆಲಿ ಎಂಬ ಊರಿನ ಡೇವಿಸ್ ಸಹೋದರರು ಕಡ್ಡಿಯಿಲ್ಲದ ಬಳೆಯಂಥ ಒಂದು ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿ, ಪಂಕ್ಚರಾದ ಚಕ್ರದ ಪಕ್ಕಕ್ಕೆ ಕೊಕ್ಕೆ ಹಾಕಿ ಬಿಗಿಯುವ ಉಪಾಯ ಮಾಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿ ಹೆಸರು ಚಕ್ರಕ್ಕೆ ಬಂತು, ಚಕ್ರದ ಜೊತೆ ತುಮಕೂರಿಗೂ ಬಂತು. ನೂರಿಪ್ಪತ್ತು ವರ್ಷ ಸುತ್ತಿ ನಾವು ಮತ್ತೆ ಅಲ್ಲಿಗೇ ಬಂದು ನಿಂತಿದ್ದೇವೆ: ಚಕ್ರ ಬೇಕಾದರೆ ನೀವೇ ಕೊಂಡು ಇಟ್ಟುಕೊಳ್ಳಿ.

ಕೊಳ್ಳೋದು ಹೇಗೆ? ಕಾರಿನ ಚಕ್ರದಂಥದ್ದೇ ಪೂರಾ ಅಳತೆಯ ಚಕ್ರ ಹಿಡಿಸುವಷ್ಟು ಜಾಗ ಇದ್ದರೆ ಅದೇ ಮೇಲು, ಯೋಚನೆಯೇ ಬೇಡ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರೋ ಬ್ಯಾಟರಿಯೋ ಕೂತಿದ್ದರೆ ಉಳಿಯೋದು ತೆಳು ಸ್ಟೆಪ್ನಿ. ಸೈಕಲ್ ಟೈರಿಗಿಂತ ಸ್ವಲ್ಪ ದಪ್ಪ ಅಂತ ಜನ ನಗ್ತಾರೆ, ನಗಲಿ. ಆದರೆ ಇದನ್ನು ಗುಜರಿಯಲ್ಲಿ ಸಿಕ್ಕಿತು, ಅಗ್ಗ ಆಯ್ತು ಅಂತ ತಂದು ಹಾಕುವಂತಿಲ್ಲ. ನಟ್ಟಿನ ತೂತು ನಾಲ್ಕೋ ಐದೋ, ತೂತಿನಿಂದ ತೂತಿಗೆ ಅಳತೆ ಎಷ್ಟು, ನಡುವಿನ ದೊಡ್ಡ ತೂತು ಹಬ್ಬಿನ ಮೇಲೆ ಸರಿಯಾಗಿ ಕೂರುತ್ತದೋ, ಎಲ್ಲ ತಾಳೆಯಾಗಬೇಕು. ಅಲಾಯ್ ಚಕ್ರದ ನಟ್ಟು ಕಬ್ಬಿಣದ ಡಿಸ್ಕಿಗೆ ಎಲ್ಲ ಕಾರಿನಲ್ಲೂ ಕೂರುವುದಿಲ್ಲ, ಬೇರೆ ನಟ್ಟು ಬೇಕಾದರೆ ಅದೂ ಡಿಕ್ಕಿಯಲ್ಲೇ ಇರಬೇಕು. ಅಂಗಡಿ ಮುಂದೆಯೇ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಹಾಕಿಸಿ, ಕೈಯಲ್ಲಿ ತಿರುಗಿಸಿ, ಬ್ರೇಕಿಗೆ ಉಜ್ಜುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ದುಡ್ಡು ಎಣಿಸಿ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತೆ. 1419 ಅಂದರೆ 2019ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ಓಡದೆ ಬಿದ್ದಿದ್ದರೂ ರಬ್ಬರ್ ಮುದಿಯಾಗುತ್ತೆ.

ಹಾಕುವ ಜಾಗದ್ದೇ ದೊಡ್ಡ ವಿಷಯ. ನಮ್ಮ ಸಣ್ಣ ಕಾರುಗಳಲ್ಲಿ ಇಂಜಿನ್ ಎಳೆಯೋದು ಮುಂದಿನ ಎರಡು ಚಕ್ರವನ್ನು. ಲೆಕ್ಕ ನೋಡಿ. ಹಲವು ಕಾರುಗಳಿಗೆ ಬರುವ 175/65 ಆರ್ 14 ಟೈರಿನ ಎತ್ತರ ಸುಮಾರು 583 ಮಿಲಿಮೀಟರ್. ಟಿ125/70 ಡಿ15 ಎಂಬ ತೆಳು ಸ್ಟೆಪ್ನಿಯದು 556. ಚಕ್ರ ಚಿಕ್ಕದಾದಷ್ಟೂ ಸುತ್ತು ಹೆಚ್ಚು. ಕಿಲೋಮೀಟರಿಗೆ ಸುಮಾರು 25 ಸುತ್ತು ಜಾಸ್ತಿ ತಿರುಗಬೇಕು. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್ ಅಂದರೆ ಐನೂರು ಸುತ್ತು! ಎಡ ಬಲದ ಈ ಜಗಳವನ್ನೆಲ್ಲ ದಾರಿಯುದ್ದಕ್ಕೂ ತೀರಿಸುವ ಕರ್ಮ ಡಿಫರೆನ್ಷಿಯಲ್ ಗೇರಿನದು. ಆದ್ದರಿಂದ ಮುಂದಿನದು ಪಂಕ್ಚರಾದರೆ, ಹಿಂದಿನ ಒಳ್ಳೇ ಚಕ್ರ ಬಿಚ್ಚಿ ಮುಂದಕ್ಕೆ ಹಾಕಿ, ತೆಳು ಸ್ಟೆಪ್ನಿಯನ್ನು ಹಿಂದಕ್ಕೆ ಹಾಕೋದು ಕ್ಷೇಮ. ಎರಡು ಸಲ ಜಾಕಿ ಎತ್ತೋ ಕೆಲಸ, ನಿಜ. ವೇಗ 80 ದಾಟಬಾರದು. ನಮ್ಮ ರಸ್ತೆಯಲ್ಲಿ, ಮಳೆಯಲ್ಲಿ, ನನ್ನ ಕೇಳಿದರೆ 50 ಸಾಕು.

ಗಾಳಿಯ ವಿಷಯಕ್ಕೆ ಬಂದರೆ ಬಂಕಿನ ಹುಡುಗರು ಎಲ್ಲದಕ್ಕೂ ಮೂವತ್ತೆರಡು, ಮೂವತ್ಮೂರು ಅಂತ ಹಿಡಿಸಿಬಿಡ್ತಾರೆ. ಈ ತೆಳು ಟೈರಿಗೆ ಬೇಕಾದದ್ದು 60 ಪೌಂಡು. ಅದರ ಪಕ್ಕದಲ್ಲೇ ಬರೆದಿರುತ್ತೆ. ಅರ್ಧ ಗಾಳಿಯಲ್ಲಿ ನಾಲ್ಕು ಜನ ಕೂತು ಹೊರಟರೆ ಸ್ಟೆಪ್ನಿಗೂ ಒಂದು ಸ್ಟೆಪ್ನಿ ಹುಡುಕಬೇಕಾದೀತು. ತಿಂಗಳಿಗೊಮ್ಮೆ ಅದನ್ನೂ ಈಚೆ ತೆಗೆದು ಗಾಳಿ ನೋಡಿಸಿ.

ತಂದ ಚಕ್ರವನ್ನು ಡಿಕ್ಕಿಯಲ್ಲಿ ಸುಮ್ಮನೆ ಒರಗಿಸಿ ಇಡಬೇಡಿ. ಜೋರು ಬ್ರೇಕ್ ಹಾಕಿದಾಗ ಹತ್ತು ಹನ್ನೆರಡು ಕೆ.ಜಿ.ಯ ಕಬ್ಬಿಣ ಬಂದು ಬಡಿಯೋದು ಹಿಂದಿನ ಸೀಟಿಗೆ, ಅಂದರೆ ಮಕ್ಕಳ ಬೆನ್ನಿಗೆ. ಬೆಲ್ಟು ಹಾಕಿ ಕೊಕ್ಕೆಗೆ ಬಿಗಿಯಿರಿ. ಅದಕ್ಕೆಂದು ನೆಲಕ್ಕೆ ಡ್ರಿಲ್ ಹಾಕಿಸಲು ಹೋಗಬೇಡಿ, ಕೆಳಗೆ ಗ್ಯಾಸ್ ಪೈಪೋ ಬ್ಯಾಟರಿಯೋ ಇದ್ದೀತು. ಕಿಟ್ಟು ಕೊಟ್ಟ ಕಾರಿನಲ್ಲಿ ಜಾಕಿ, ವೀಲ್ ಸ್ಪ್ಯಾನರ್ ಇಲ್ಲದೆ ಇರುವುದೂ ಉಂಟು. ಕರೆಂಟ್ ಕಾರಿಗೆ ಕಂಪನಿ ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲಾದರೂ ಜಾಕಿ ಕೊಟ್ಟಿರೋ, ಬ್ಯಾಟರಿಗೇ ಏಟು.

ಬಸ್ಸಿನಲ್ಲಿ ಓಡಾಡೋ ನಮಗೇನು ಅಂತೀರಾ? ಬಸ್ಸು ಪಂಕ್ಚರಾದರೆ ಕಂಡಕ್ಟರು ಹಿಂದಿನ ಬಸ್ಸಿಗೆ ಹತ್ತಿಸಿ ಕಳಿಸ್ತಾನೆ. ಕೊನೇ ಬಸ್ಸು ತಪ್ಪಿದ ಮೇಲೆ ನೀವು ಹತ್ತೋದು ಇದೇ ಕಾರುಗಳನ್ನು, ಇದೇ ಟ್ಯಾಕ್ಸಿಗಳನ್ನು. ಸಿಲಿಂಡರ್ ಇರೋ ಟ್ಯಾಕ್ಸಿಯವರು ಲಗೇಜಿಗೆ ಜಾಗ ಆಗಲಿ ಅಂತ ಇದ್ದ ಸ್ಟೆಪ್ನಿಯನ್ನೂ ಮನೇಲಿ ಬಿಟ್ಟು ಬರೋದುಂಟು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಬಹುದು. ತಾಲ್ಲೂಕಿನ ಒಳರಸ್ತೆಗೆ ಆ ನಂಬರು ಬರೋದಿಲ್ಲ.

ಐದನೇ ಚಕ್ರ ಇಲ್ಲ ಅನ್ನೋದನ್ನು ಬುಕಿಂಗ್ ದಿನವೇ, ರಸೀತಿಯ ಮೇಲೆಯೇ, ಕನ್ನಡದಲ್ಲಿ ಬರೆದುಕೊಡಲು ಷೋರೂಮಿನವರಿಗೆ ಏನು ಕಷ್ಟ? ಸೀಟ್ ಕವರು, ಮ್ಯಾಟು, ಗಣಪತಿ ಬೊಂಬೆಗೆಲ್ಲ ಬೇರೆ ಬೇರೆ ಬೆಲೆ ಹೇಳೋ ಬಾಯಿಗೆ ಇದೊಂದು ಭಾರವೇ? ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಮೊದಲೇ ಗೊತ್ತಿದ್ದರೆ ಗಿರಾಕಿ ಬೆಲೆ ಚೌಕಾಶಿ ಮಾಡುವಾಗಲೇ ಚಕ್ರವನ್ನೂ ಸೇರಿಸಿ ಕೇಳುತ್ತಾನೆ.

ಗುಬ್ಬಿಯ ಆ ಮಾಲೀಕರು ಈಗ ತೆಳು ಸ್ಟೆಪ್ನಿ ಕೊಂಡಿದ್ದಾರೆ. ಜೊತೆಗೆ ಜಾಕಿ ಮಣ್ಣಲ್ಲಿ ಹೂಳದಿರಲೆಂದು ಅಂಗಡಿಯ ಹಳೇ ಹಲಗೆ ತುಂಡೊಂದು. ಬಾಟ್ಲಿಯನ್ನೂ ಎಸೆದಿಲ್ಲ. ಹೊಸದು ತರಿಸಿಟ್ಟಿದ್ದಾರೆ.