ಬಸುರಿಯ ಬಯಕೆ ಹಟವಲ್ಲ

ಪ್ರಶ್ನೆ: ನನಗೀಗ ನಾಲ್ಕು ತಿಂಗಳು. ಅನ್ನ ಬೇಯುವ ವಾಸನೆ ಬಂದರೆ ಸಾಕು, ವಾಕರಿಕೆ. ಹುಳಿ ಮಾವಿನಕಾಯಿ, ಖರ್ಜೂರ ಬೇಕೆನಿಸುತ್ತದೆ. ಒಮ್ಮೊಮ್ಮೆ ಗೋಡೆಯ ಮಣ್ಣು ಕೂಡ! ಬಾಯಿಬಿಟ್ಟು ಕೇಳಿದರೆ ನಮ್ಮವರು “ಇದೆಲ್ಲಾ ನಿನ್ನ ಹಟ” ಎಂದು ರೇಗುತ್ತಾರೆ. ಬಯಕೆ ತೀರದಿದ್ದರೆ ಮಗುವಿನ ಮೈಮೇಲೆ ಮಚ್ಚೆ ಬೀಳುತ್ತದೆಂದು ಅತ್ತೆ ಹೆದರಿಸುತ್ತಾರೆ. ಇದೇ ಮಾತಿಗೆ ದಿನಾ ಜಗಳ. ನಮ್ಮ ಧರ್ಮ ಏನು ಹೇಳುತ್ತದೆ?
— ಒಬ್ಬ ಸೋದರಿ, ಭಟ್ಕಳ

ಉತ್ತರ: ಸೋದರಿ, ಮೊದಲು ಮಚ್ಚೆಯ ಹೆದರಿಕೆ ಬಿಟ್ಟುಬಿಡಿ. ಅರಬರ ನಾಡಿನಲ್ಲೂ ಬಯಕೆಗೆ ‘ವಹಮ್’ ಎಂದು ಹೆಸರಿಟ್ಟು ಹಿರಿಯ ಹೆಂಗಸರು ಇದೇ ಮಾತು ಹೇಳುವುದುಂಟು. ಅದು ಬರೀ ಜನರ ನಂಬಿಕೆ. ಕುರ್‌ಆನಿನಲ್ಲಿ ಹಾಗೆ ಹೇಳಿಲ್ಲ, ವೈದ್ಯಶಾಸ್ತ್ರದಲ್ಲೂ ಅದಕ್ಕೆ ಆಧಾರವಿಲ್ಲ.

ಹಾಗೆಂದು ಬಯಕೆ ಹಟವೂ ಅಲ್ಲ. ತಾಯಿ ನಿತ್ರಾಣದ ಮೇಲೆ ನಿತ್ರಾಣ ಸಹಿಸಿ ಮಗುವನ್ನು ಹೊರುತ್ತಾಳೆಂದು ಸೂರಃ ಲುಕ್ಮಾನಿನ 14ನೇ ವಚನ ನೆನಪಿಸುತ್ತದೆ. ಹೆರಿಗೆ ನೋವಿನಲ್ಲಿದ್ದ ಹಜ್ರತ್ ಮರ್ಯಮರಿಗೆ ದೊರೆತದ್ದೇನು? ಸಮಾಧಾನದ ಮಾತು, ಕುಡಿಯಲು ನೀರು, ತಿನ್ನಲು ತಾಜಾ ಖರ್ಜೂರ. ತಲಾಕ್ ಆದವಳೇ ಆಗಲಿ, ಬಸುರಿಯಾಗಿದ್ದರೆ ಹೆರಿಗೆಯಾಗುವ ತನಕ ಅವಳ ಖರ್ಚು ಗಂಡನದೇ ಎನ್ನುತ್ತದೆ ಸೂರಃ ತಲಾಕಿನ 6ನೇ ವಚನ. ಹೀಗಿರುವಾಗ ಜೊತೆಯಲ್ಲೇ ಬಾಳುವ ಹೆಂಡತಿಗೆ ಎರಡು ಮಾವಿನಕಾಯಿ ತಂದುಕೊಡುವುದು ಭಾರವೇ?

ಇನ್ನು ನಿಮಗೂ ಒಂದು ಮಾತು. ಗಂಡ ತನ್ನ ಶಕ್ತಿಗೆ ತಕ್ಕಂತೆ ಖರ್ಚು ಮಾಡಲಿ, ಅದಕ್ಕೆ ಮೀರಿದ ಹೊರೆ ಅವನ ಮೇಲಿಲ್ಲವೆಂದು ಅದೇ ಸೂರಃದ 7ನೇ ವಚನ ಹೇಳುತ್ತದೆ. ಕಾಲವಲ್ಲದ ಕಾಲದಲ್ಲಿ ಮಾವು ಕೇಳಿ, ತರಲಿಲ್ಲವೆಂದು ಅವರ ಪ್ರೀತಿಯನ್ನೇ ಸಂಶಯಿಸಬೇಡಿ. ಹುಣಸೆಯೋ ನಿಂಬೆಯೋ ಆ ದಿನಕ್ಕೆ ಸಾಕು. ಅನ್ನ ಬಸಿಯುವ ಕೆಲಸವನ್ನು ಕೆಲವು ದಿನ ಬೇರೆಯವರು ಮಾಡಲಿ. ಪ್ರವಾದಿಯವರೇ ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು. ನಿಮ್ಮವರಿಗೆ ಅದರಲ್ಲಿ ನಾಚಿಕೆ ಏಕೆ?

ಮಣ್ಣನ್ನು ಮಾತ್ರ ಖಂಡಿತ ತಿನ್ನಬೇಡಿ. ಹೊಟ್ಟೆಗೆ ಹುಳು, ಕೊಳೆ ಸೇರುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಇಂಥ ಆಸೆ ಹುಟ್ಟುವುದುಂಟು. ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಿ. ಆಸ್ಪತ್ರೆಗೆ ನಿಮ್ಮವರನ್ನೂ ಕರೆದುಕೊಂಡು ಹೋಗಿ. ಬಯಕೆ ಹಟವಲ್ಲವೆಂಬುದನ್ನು ವೈದ್ಯರ ಬಾಯಿಂದಲೇ ಕೇಳಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ನೀವಿಬ್ಬರೂ ಒಂದು ಸಂಜೆ ಕೂತು, ಅತ್ತೆಯನ್ನೂ ಕೂರಿಸಿಕೊಂಡು, ನಿಧಾನವಾಗಿ ಮಾತಾಡಿ.