ಗೃಹಸ್ಥರ ಗಮನಕ್ಕೆ: ನಳದ ನೀರು

ಸಂಸ್ಕೃತ ನಿಘಂಟುಗಳಲ್ಲಿ ನೀರಿಗೆ ಹೆಸರುಗಳು ಬಹಳ. ಜೀವನವೆಂಬುದು ನೀರಿನ ಹೆಸರು. ಅಮೃತವೆಂಬುದೂ ನೀರಿನ ಹೆಸರು. ಆಶ್ಚರ್ಯವೆಂದರೆ ವಿಷವೆಂಬ ಶಬ್ದಕ್ಕೂ ನೀರೆಂಬ ಅರ್ಥವನ್ನು ನಮ್ಮ ಪೂರ್ವಿಕರು ಹೇಳಿಟ್ಟಿರುವರು. ಬಾಲ್ಯದಲ್ಲಿ ಈ ಪದಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಇದು ಬರಿಯ ವಿನೋದ. ಮಕ್ಕಳುಮರಿಗಳನ್ನು ಕಟ್ಟಿಕೊಂಡ ಗೃಹಸ್ಥನಿಗೆ ವಿನೋದವಲ್ಲ. ಒಂದೇ ನಳದ ನೀರು ಈ ವಾರ ಅಮೃತವಾಗಿದ್ದು ಮುಂದಿನ ವಾರ ವಿಷವಾಗುವುದುಂಟು. 2022ರಲ್ಲಿ ರಾಯಚೂರಿನಲ್ಲಿಯೂ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತವಾದ ನೀರನ್ನು ಕುಡಿದು ಜನರು ಪ್ರಾಣ ಕಳೆದುಕೊಂಡ ಸಂಗತಿಯನ್ನು ವಾಚಕರು ಮರೆತಿರಲಾರರು. ಆದಕಾರಣ ಈ ತಿಂಗಳು ನಾವು ಎತ್ತಿಕೊಂಡಿರುವ ಪ್ರಶ್ನೆ ಇಷ್ಟೆ: ಶುದ್ಧವಾಗಿ ಹೊರಟ ನೀರು ನಮ್ಮ ಬಾಯಿಗೆ ಬರುವಷ್ಟರಲ್ಲಿ ಎಲ್ಲಿ ಕೆಡುತ್ತದೆ? ಅದರಲ್ಲಿ ನಮ್ಮ ಪಾಲೆಷ್ಟು?

ಮೊದಲು ಒಂದು ಭ್ರಾಂತಿಯನ್ನು ಕಳೆಯಬೇಕಾಗಿದೆ. ತಿಳಿಯಾದ ನೀರೆಲ್ಲ ಶುದ್ಧವಾದ ನೀರೆಂದು ಬಹುಮಂದಿ ನಂಬಿರುವರು. ಸುಶ್ರುತಸಂಹಿತೆಯಲ್ಲಿ ಕದಡಿದ ನೀರನ್ನು ತಿಳಿಮಾಡುವ ಏಳು ಸಾಧನಗಳನ್ನು ಹೇಳಿದೆ. ಕತಕ, ಅಂದರೆ ನಮ್ಮ ಹಳ್ಳಿಗರು ಬಲ್ಲ ಚಿಲ್ಲದ ಬೀಜ, ಅವುಗಳಲ್ಲಿ ಒಂದು. ಸೋಸುವ ಬಟ್ಟೆ ಇನ್ನೊಂದು. ಆದರೆ ಅದೇ ಗ್ರಂಥ ಅಷ್ಟಕ್ಕೇ ನಿಲ್ಲದೆ, ಕೆಟ್ಟ ನೀರನ್ನು ಬೆಂಕಿಯಲ್ಲಿ ಕಾಯಿಸಬೇಕೆಂದು ಬೇರೆಯಾಗಿಯೇ ವಿಧಿಸುತ್ತದೆ. ತಿಳಿಮಾಡುವುದು ಒಂದು ಕೆಲಸ, ದೋಷವನ್ನು ಕಳೆಯುವುದು ಇನ್ನೊಂದು ಕೆಲಸವೆಂಬ ವಿವೇಕ ಇಲ್ಲಿ ಕಾಣುತ್ತದೆ. ವಿಷಮಜ್ವರ, ವಾಂತಿಭೇದಿ ಮತ್ತು ಕಾಮಾಲೆಗಳನ್ನು ತರುವ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣವು, ನಾಲಗೆಗೆ ತಿಳಿಯವು. ಸ್ಫಟಿಕದಂತಹ ನೀರಿನಲ್ಲಿಯೂ ಅವು ಇರಬಲ್ಲವು.

ಹಾಗಾದರೆ ಅವು ಸೇರುವುದೆಲ್ಲಿ? ನದಿಯಿಂದಲೋ ಜಲಾಶಯದಿಂದಲೋ ತಂದ ನೀರನ್ನು ಶೋಧನಾಗಾರದಲ್ಲಿ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಸೇರಿಸಿ ಬಿಡುತ್ತಾರೆ. ಅಲ್ಲಿ ಕೆಲಸ ಸರಿಯಾಗಿ ನಡೆದಿದ್ದರೆ ನೀರು ಕುಡಿಯಲು ಯೋಗ್ಯವಾಗಿಯೇ ಹೊರಡುವುದು. ಅನಂತರ ಅದು ಅನೇಕ ಮೈಲಿ ನೆಲದೊಳಗೆ ಸಾಗಬೇಕು. ನಮ್ಮ ಚಿಕ್ಕ ಊರುಗಳ ಓಣಿಗಳಲ್ಲಿ ನೀರಿನ ಕೊಳವೆಯೂ ಚರಂಡಿಯೂ ಅಕ್ಕಪಕ್ಕದಲ್ಲಿಯೇ ಹರಿಯುತ್ತವೆ. ಎಷ್ಟೋ ಕಡೆ ಮನೆಯ ಕೊಳವೆ ಚರಂಡಿಯನ್ನು ದಾಟಿಯೇ ಬರುತ್ತದೆ. ಹಳೆಯ ಕೊಳವೆಯ ಕೀಲುಗಳಲ್ಲಿ ಸಂದುಗಳಿರುವುದು ಸಹಜ. ಒಳಗೆ ನೀರು ಒತ್ತಡದಿಂದ ತುಂಬಿ ಹರಿಯುತ್ತಿರುವವರೆಗೆ ಆ ಸಂದುಗಳಿಂದ ನೀರು ಹೊರಗೆ ಜಿನುಗುವುದೇ ಹೊರತು ಹೊರಗಿನದು ಒಳಗೆ ಬರಲಾರದು. ನೀರು ನಿಲ್ಲಿಸಿದ ಕೂಡಲೇ ವ್ಯವಹಾರ ತಿರುಗಿಬೀಳುತ್ತದೆ. ಕೊಳವೆ ಬರಿದಾಗುತ್ತದೆ, ಸುತ್ತಲಿನ ಕೆಸರು, ಕೊಚ್ಚೆ ಅದೇ ಸಂದುಗಳಿಂದ ಮೆಲ್ಲನೆ ಒಳಗಿಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಅದೆಲ್ಲವನ್ನೂ ತೊಳೆದುಕೊಂಡು ಬಂದು ಮೊದಲು ತುಂಬುವುದು ನಮ್ಮ ಕೊಡವನ್ನೇ.

ಇದು ಬರಿಯ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡಗಳ ಕೆಲವು ಭಾಗಗಳಿಗೆ 2008ರಿಂದ ಹಗಲಿರುಳೂ ನಿಲ್ಲದೆ ನೀರು ಕೊಡುವ ಏರ್ಪಾಡಾಯಿತು. ಉಳಿದ ಭಾಗಗಳಿಗೆ ಹಿಂದಿನಂತೆಯೇ ಕೆಲವು ದಿನಗಳಿಗೊಮ್ಮೆ ಕೆಲವು ಗಂಟೆಗಳ ನೀರು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010-11ರಲ್ಲಿ ಈ ಎರಡು ಬಗೆಯ ನೀರನ್ನೂ ಹೋಲಿಸಿ ನೋಡಿದರು. ತಡೆತಡೆದು ಬರುವ ನಳಗಳ ನೂರು ಮಾದರಿಗಳಲ್ಲಿ ಸುಮಾರು 32ರಲ್ಲಿ ಮಲದಿಂದ ಬರುವ ಸೂಕ್ಷ್ಮಜೀವಿ ಸಿಕ್ಕಿತು. ನಿಲ್ಲದೆ ಬರುವ ನಳಗಳಲ್ಲಿ ನೂರಕ್ಕೆ ಒಂದರಲ್ಲಿಯೂ ಸರಿಯಾಗಿ ಸಿಕ್ಕಲಿಲ್ಲ. ನೀರು ಬಂದೊಡನೆ ಹಿಡಿದ ಮೊದಲ ಧಾರೆಯಲ್ಲಿ ಮಾಲಿನ್ಯ ಹೆಚ್ಚಾಗಿದ್ದುದೂ ಕಂಡುಬಂದಿತು. ಸುಮಾರು 3,900 ಮನೆಗಳ ಆರೋಗ್ಯವನ್ನು ವಿಚಾರಿಸಲಾಗಿ, ನಿರಂತರ ನೀರಿನ ಭಾಗಗಳಲ್ಲಿ ವಿಷಮಜ್ವರ ನೂರಕ್ಕೆ 42ರಷ್ಟು ಕಡಿಮೆಯಿದ್ದಿತು. ಆದರೆ ಐದು ವರ್ಷದೊಳಗಿನ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಅಂತರ ಕಾಣಲಿಲ್ಲ. ನಳ ಶುದ್ಧವಾದ ಮಾತ್ರಕ್ಕೆ ಮಕ್ಕಳ ಕೈಯಾಗಲಿ, ಮನೆಯ ಕೊಡವಾಗಲಿ ಶುದ್ಧವಾಗುವುದಿಲ್ಲವಷ್ಟೆ! ಊರಿನ ಕೆಲಸ ಊರಿನದು, ಮನೆಯ ಕೆಲಸ ಮನೆಯದು.

ಇಲ್ಲಿ ಒಂದು ಕಠಿಣವಾದ ಮಾತನ್ನು ಆಡಲೇಬೇಕಾಗಿದೆ. ನೀರು ಬರುವ ದಿನ ನಮ್ಮ ಓಣಿಯಲ್ಲಿ ಗೊರ್ರೆನ್ನುವ ಸದ್ದು ಮನೆಮನೆಯಿಂದಲೂ ಕೇಳಿಬರುತ್ತದೆ. ಸ್ಥಿತಿವಂತರು ಸಾರ್ವಜನಿಕ ಕೊಳವೆಗೆ ನೇರವಾಗಿ ವಿದ್ಯುತ್ ಮೋಟಾರನ್ನು ಜೋಡಿಸಿ ನೀರನ್ನು ಎಳೆದುಕೊಳ್ಳುತ್ತಾರೆ. ಇದರಿಂದ ನೆರೆಯವರ ಪಾಲು ಕಡಿಮೆಯಾಗುವುದೆಂಬುದನ್ನು ಎಲ್ಲರೂ ಬಲ್ಲರು. ಇನ್ನೊಂದನ್ನು ಬಲ್ಲವರು ಕೆಲವರೇ. ಮೋಟಾರು ನೀರನ್ನು ಮಾತ್ರ ಎಳೆಯುವುದಿಲ್ಲ. ಕೊಳವೆಯಲ್ಲಿ ನೀರು ಸಾಲದಾದಾಗ ಅದು ಪ್ರತಿಯೊಂದು ಸಂದಿನಿಂದಲೂ ಚರಂಡಿಯ ಕೊಚ್ಚೆಯನ್ನು ಒಳಗೆ ಹೀರುತ್ತದೆ. ಹಾಗೆ ಹೀರಿದ್ದು ಎಳೆದವನ ತೊಟ್ಟಿಗಷ್ಟೇ ಹೋದರೆ ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿರಬಹುದಾಗಿತ್ತು. ಅದು ಓಣಿಯ ಕೊನೆಯ ಮನೆಗೂ ಹೋಗುತ್ತದೆ.

ನಮ್ಮ ಓಣಿಯ ಕೊನೆಯ ಮನೆಯಲ್ಲಿರುವುದು ನಾಲ್ಕಾರು ಮನೆಗಳ ಪಾತ್ರೆ ತಿಕ್ಕಿ ಜೀವಿಸುವ ಒಬ್ಬ ಹೆಣ್ಣುಮಗಳು. ಅವಳಿಗೆ ತೊಟ್ಟಿಯೂ ಇಲ್ಲ, ಮೋಟಾರೂ ಇಲ್ಲ. ಎಲ್ಲರ ಸದ್ದು ಅಡಗಿದ ಮೇಲೆ ಅವಳ ನಳದಲ್ಲಿ ಬೆರಳಿನಷ್ಟು ಧಾರೆ ಬರುತ್ತದೆ. ಕಳೆದ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಹದಿನೈದು ದಿನವಿರುವಾಗ ಅವಳ ಮಗಳು ವಿಷಮಜ್ವರದಿಂದ ಮಲಗಿದಳು. ಜಾಣೆಯಾದ ಹುಡುಗಿ, ಸಂಧಿಸಮಾಸಗಳನ್ನು ಕೇಳಲು ನಮ್ಮ ಜಗುಲಿಗೆ ಬರುತ್ತಿದ್ದವಳು. ಬದುಕಿಕೊಂಡಳು, ಆದರೆ ಆ ಸಲದ ಪರೀಕ್ಷೆ ತಪ್ಪಿತು. ತಾಯಿ ಕೈಬಳೆಯನ್ನು ಒತ್ತೆಯಿಟ್ಟು ಔಷಧ ತಂದಳು. ಆ ಜ್ವರ ಇಂತಹ ದಿನದ ಇಂತಹ ಕೊಡದಿಂದಲೇ ಬಂದಿತೆಂದು ಪ್ರಮಾಣ ಮಾಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಆದರೆ ಮೋಟಾರು ಹಾಕುವ ಪ್ರತಿಯೊಬ್ಬ ಸಭ್ಯ ಗೃಹಸ್ಥನೂ ಅಂತಹ ಮಗುವಿನ ಮುಖವನ್ನು ಒಮ್ಮೆ ನೆನೆಯಬೇಕೆಂದು ನಮ್ಮ ಪ್ರಾರ್ಥನೆ. ಬಾವಿಯಲ್ಲಿ ಕಸ ಹಾಕಿದವನನ್ನು ಹಿಂದಿನ ಊರು ಕ್ಷಮಿಸುತ್ತಿರಲಿಲ್ಲ. ಓಣಿಯ ಕೊಳವೆ ಇಂದಿನ ಬಾವಿ. ಕೊಳವೆಯ ನೀರು ತನ್ನ ಒತ್ತಡದಿಂದಲೇ ನೆಲದ ತೊಟ್ಟಿಗೆ ಬೀಳಲಿ. ತೊಟ್ಟಿಯಿಂದ ಮೇಲಿನ ಟಾಕಿಗೆ ಏರಿಸಲು ಮೋಟಾರನ್ನು ಉಪಯೋಗಿಸಿದರೆ ಯಾರ ಆಕ್ಷೇಪವೂ ಇರಲಾರದು.

ಇನ್ನು ಮನೆಯೊಳಗಣ ವಿಚಾರ. ನೀರು ಬಂದೊಡನೆ ಮೊದಲಿನ ಕೆಲವು ಕೊಡಗಳನ್ನು ಕುಡಿಯುವುದಕ್ಕೆ ಹಿಡಿಯಬಾರದು. ಗಿಡಗಳಿಗೂ ಅಂಗಳಕ್ಕೂ ಅದನ್ನು ಬಳಸಿದರೆ ನಷ್ಟವಿಲ್ಲ. ಬಣ್ಣ, ವಾಸನೆಗಳು ಹೋಗಿ ಧಾರೆ ಸ್ಥಿರವಾದ ಮೇಲೆ ಕುಡಿಯುವ ನೀರನ್ನು ಹಿಡಿಯತಕ್ಕದ್ದು. ಹಿಡಿದ ನೀರನ್ನು ಕಾಯಿಸುವುದಾದರೆ ಬೆಚ್ಚಗಾದರೆ ಸಾಲದು. ಬುಡಬುಡನೆ ಉಕ್ಕಿ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಬೇಕು. ಹೆಚ್ಚು ಹೊತ್ತು ಕುದಿಸುವುದು ಉರುವಲಿಗೆ ದಂಡ. ಕುದಿಸಲು ಅನುಕೂಲವಿಲ್ಲದವರು ಕ್ಲೋರಿನ್ ಗುಳಿಗೆಯನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಹಾಕಿ, ಅರ್ಧ ಗಂಟೆ ಕಳೆದ ಮೇಲೆ ಕುಡಿಯಬಹುದು. ನಳದ ನೀರಿನಲ್ಲಿ ನಸುವಾದ ಕ್ಲೋರಿನ್ ವಾಸನೆಯಿದ್ದರೆ ಮೂಗು ಮುರಿಯುವವರುಂಟು; ಅದು ದಾರಿಯುದ್ದಕ್ಕೂ ನೀರನ್ನು ಕಾಯ್ದು ಬಂದ ಕಾವಲುಗಾರನ ಗುರುತು. ಭಾರತೀಯ ಮಾನಕದಂತೆ ಮನೆಯ ನಳದಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಅದು ಉಳಿದಿರಬೇಕು.

ಕಾಯಿಸಿ ಆರಿಸಿದ ನೀರನ್ನು ಅಗಲಬಾಯಿಯ ಪಾತ್ರೆಯಲ್ಲಿಟ್ಟು, ಮಕ್ಕಳು ಲೋಟವನ್ನು ಬೆರಳುಸಹಿತ ಮುಳುಗಿಸಿದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಕಿರಿಬಾಯಿಯ, ಮುಚ್ಚಳವುಳ್ಳ ಪಾತ್ರೆ ಬೇಕು. ಕೆಳಗೆ ನಲ್ಲಿಯಿದ್ದರೆ ಉತ್ತಮ, ಇಲ್ಲವಾದರೆ ಉದ್ದ ಹಿಡಿಯ ಸೌಟು ಸಾಕು. ಸೀರೆಯ ಬಟ್ಟೆಯಲ್ಲಿ ಸೋಸುವ ಅಜ್ಜಿಯರ ಪದ್ಧತಿಯನ್ನೂ ಹಳಿಯಬೇಕಾಗಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಸಿ ಸೋಸಿದ ಮನೆಗಳಲ್ಲಿ ವಾಂತಿಭೇದಿ ಅರ್ಧದಷ್ಟು ಇಳಿಯಿತೆಂಬುದು 2003ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸಿದ್ಧವಾಗಿದೆ. ಆದರೆ ಉಳಿದರ್ಧಕ್ಕೆ ಬೆಂಕಿಯೇ ಬೇಕು.

ಬೆಂಕಿಗೂ ಮೀರಿದ ದೋಷಗಳಿವೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಇದ್ದರೆ ಕುದಿಸುವುದರಿಂದ ಅವು ಹೋಗವು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ದಟ್ಟವಾಗುವುವು. ಫ್ಲೋರೈಡಿನಿಂದ ಹಲ್ಲು ಕಂದಾಗಿ, ಎಲುಬು ಬಿಗಿದ ಜನರನ್ನು ಪಾವಗಡ, ಮುಂಡರಗಿ ಮೊದಲಾದ ಕಡೆಗಳಲ್ಲಿ ಕಾಣಬಹುದು. ಲೀಟರಿಗೆ 1 ಮಿಲಿಗ್ರಾಮು ಒಳ್ಳೆಯ ಮಿತಿ. ಬೇರೆ ನೀರು ದೊರೆಯದಲ್ಲಿ 1.5ರವರೆಗೆ ಸಹಿಸಬಹುದೆಂದು ಮಾನಕ ಹೇಳುತ್ತದೆ. ಆದಕಾರಣ ಕೊಳವೆಬಾವಿಯ ನೀರನ್ನು ಕುಡಿಯುವವರು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಯಂತ್ರ ಬೇಕೇ, ಯಾವುದು ಬೇಕೆಂದು ನಿರ್ಧರಿಸತಕ್ಕದ್ದು. ಅಂಗಡಿಯವನ ಮಾತಿನ ಮೇಲಲ್ಲ. ಮಲದ ಕಲ್ಮಷವನ್ನು ತಿಳಿಯಲು ಮಾತ್ರ ಸುಲಭವಾದ ಸೀಸೆಯ ಪರೀಕ್ಷೆಯೊಂದಿದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದವರು 1982ರಲ್ಲಿ ಪ್ರಕಟಿಸಿದ ವಿಧಾನವಿದು: ಸೀಸೆಗೆ ನೀರು ತುಂಬಿ ಬೆಚ್ಚನೆಯ ಸ್ಥಳದಲ್ಲಿಟ್ಟರೆ, ಕೆಟ್ಟ ನೀರು ಒಂದೆರಡು ದಿನಗಳಲ್ಲಿ ಕಪ್ಪಾಗುತ್ತದೆ.

ಕೂಡಿಟ್ಟ ನೀರಿನಿಂದ ಬರುವ ಮತ್ತೊಂದು ಕೇಡು ಕುಡಿಯದವನನ್ನೂ ಬಿಡುವುದಿಲ್ಲ. ನೀರು ತಪ್ಪಿ ಬರುವ ಊರಿನಲ್ಲಿ ಹಂಡೆ, ಪೀಪಾಯಿ, ತೊಟ್ಟಿಗಳು ತುಂಬಿಯೇ ಇರಬೇಕಷ್ಟೆ; ಡೆಂಗೆಯ ಸೊಳ್ಳೆಗೆ ಅದೇ ತವರುಮನೆ. ಅದು ಹಗಲಲ್ಲಿ ಕಚ್ಚುವ ಸೊಳ್ಳೆ. ಚರಂಡಿಗಿಂತ ಮನೆಯ ತಿಳಿನೀರನ್ನೇ ಬಯಸುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಸುಮಾರು ಎಂಟು ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನವನ್ನು ಗೊತ್ತುಮಾಡಿ ಪಾತ್ರೆಗಳನ್ನೆಲ್ಲ ಬರಿದುಮಾಡಿ, ಗೋಡೆಗಂಟಿದ ಮೊಟ್ಟೆಗಳು ಹೋಗುವಂತೆ ತಿಕ್ಕಿ ತೊಳೆದು ಒಣಗಿಸಬೇಕು. ಬರಿಯ ನೀರು ಚೆಲ್ಲಿದರೆ ಪ್ರಯೋಜನವಿಲ್ಲ. ಆ ಮೊಟ್ಟೆಗಳು ಒಣಗಿದ ಗೋಡೆಯಲ್ಲಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಬರಿದುಮಾಡಲಾಗದ ತೊಟ್ಟಿಗೆ ಸಂದಿಲ್ಲದ ಮುಚ್ಚಳ ಬೇಕು.

ಇಷ್ಟನ್ನು ಮಾಡಿದ ಮೇಲೆ ಊರಿನ ಆಡಳಿತದವರನ್ನು ಪ್ರಶ್ನಿಸುವ ಅಧಿಕಾರ ನಮಗೆ ಪೂರ್ಣವಾಗಿ ಬರುವುದು. ನಳದಲ್ಲಿ ಕದಡಿದ ನೀರು ಬಂದರೆ ಒಬ್ಬರು ಗೊಣಗುವುದಕ್ಕಿಂತ ಓಣಿಯ ಹತ್ತು ಮಂದಿ ರುಜು ಹಾಕಿ, ತಾರೀಖು ಗಂಟೆಗಳನ್ನು ಬರೆದು ಅರ್ಜಿ ಕೊಡುವುದು ಲೇಸು. ಕೊಳವೆ ಒಡೆದದ್ದೆಲ್ಲಿ ಎಂಬುದನ್ನು ಹುಡುಕಲು ಆ ಗಂಟೆಗಳ ಲೆಕ್ಕವೇ ದಾರಿ ತೋರುವುದು. ಆ ಅರ್ಜಿಯ ಮೇಲೆ ಓಣಿಯ ಕೊನೆಯ ಮನೆಯ ರುಜುವನ್ನು ಮೊದಲು ಹಾಕಿಸಿರಿ; ಕೆಟ್ಟ ನೀರಿನ ಸಾಕ್ಷಿ ಅಲ್ಲಿ ಹೆಚ್ಚಾಗಿ ಸಿಕ್ಕುವುದು.